ಮೂರೂವರೆ ಮೀಟರ್

ಮೊದಲು ತಕ್ಕಡಿಯನ್ನೇ ತೂಗಬೇಕು.
ಉದ್ಯಾವರದ ಬೈಲಿಗಿಳಿಯುವ ದಾರಿಯಲ್ಲಿ
ನಾಲ್ಕು ತೂಕದ ಹಲಗೆ ಹಾಸಿ ಕೂತಿದ್ದೇನೆ;
ಪ್ರಮಾಣದ ಕಲ್ಲುಗಳು ಆಫೀಸಿನ ಜೀಪಿನಲ್ಲೇ ಉಳಿದು
ಜೀಪು ಕಾರ್ಕಳಕ್ಕೆ ಹೋಗಿಯಾಗಿದೆ.
ಅಕ್ಕು ಪೂಜಾರ್ತಿ ಅಟ್ಟದಿಂದ ಒಂದು ಅಕ್ಕಿಮುಡಿ ಇಳಿಸಿದರು,
ಬೈಹುಲ್ಲಿನ ಹಗ್ಗ ಬಿಗಿದುಕೊಂಡು ಕೂತ ಉರುಟು.
"ಮೂರು ಕಳಸೆ. ಹೆಚ್ಚಿಲ್ಲ, ಕಮ್ಮಿಯಿಲ್ಲ.
ನಿಮ್ಮ ಮಿಷನ್ ಎಷ್ಟು ಹೇಳ್ತದೆ ನೋಡುವ."
ನಾಲ್ಕು ಹಲಗೆಯೂ ಒಂದೇ ಮಾತು: ಮೂವತ್ತೆಂಟು ಕಿಲೊ.
ಅವರು ತಲೆಯಾಡಿಸಿದ ಮೇಲೆ
ಹಲಗೆ ಪಾಸಾಯಿತು.

ಟ್ರ್ಯಾಕ್ಟರ್ ಹತ್ತಿ ನಿಂತಿತು.
ಮುಂದಿನ ಅಚ್ಚಿಗೆ ಏಳುನೂರ ಇಪ್ಪತ್ತು,
ಹಿಂದಕ್ಕೆ ಸಾವಿರದ ನೂರು ಚಿಲ್ಲರೆ.
ನಿಂತವರ ತೂಕ ಯಾರು ಬೇಕಾದರೂ ಹೇಳಿಯಾರು.

ಹಾಗಾಗಿ ಅಚ್ಚುಗಳ ಬಣ್ಣ ಕೆರೆದು, ಸ್ಪಿರಿಟಿನಲ್ಲಿ ಒರೆಸಿ
ಹಣೆಯ ಬೊಟ್ಟಿಗಿಂತ ತೆಳುವಾದ ಸ್ಟ್ರೇನ್ ಗೇಜುಗಳನ್ನು ಅಂಟಿಸಿದ್ದೇನೆ.
ಉಕ್ಕೂ ಬಾಗುತ್ತದೆ, ಕೂದಲೆಳೆಯ ಪಾಲಿನಷ್ಟು;
ಬಾಗಿದ್ದನ್ನು ಯಾರಲ್ಲೂ ಹೇಳಿಕೊಳ್ಳುವ ಸ್ವಭಾವ ಅದರದಲ್ಲ.
ಈ ಬೊಟ್ಟು ಹೇಳಿಬಿಡುತ್ತದೆ.

"ಇದೆಲ್ಲ ಸೀಟಿನಲ್ಲಿ ಕೂತರೆ ಗೊತ್ತಾಗ್ತದೆ ಮಾರಾಯ್ರೆ,"
ಎಂದ ಜೋಕಿಂ ಮಥಾಯಸ್, ನೇಗಿಲು ಇಳಿಸುತ್ತಾ.
"ಮಣ್ಣು ಕಚ್ಚಿದ ಕೂಡಲೇ ಸ್ಟೇರಿಂಗು
ನಿದ್ದೆ ಹೋದವರ ಕೈ ಹಿಡಿದ ಹಾಗೆ."
ಪರದೆ ನೋಡಿದೆ: ಏಳುನೂರ ಇಪ್ಪತ್ತು
ಐನೂರಾಗಿ, ನಾಲ್ಕುನೂರ ಹತ್ತಾಗಿ,
ಕಳೆದದ್ದೆಲ್ಲ ಹಿಂದಿನ ಚಕ್ರಗಳ ಹೆಗಲಿಗೆ.
ನಿದ್ದೆ ಹೋದ ಕೈಗೆ ನನ್ನ ವರದಿಯಲ್ಲಿ ಕಾಲಮ್ಮಿಲ್ಲ.

ಚಕ್ರಕ್ಕೆ ಸುಣ್ಣದ ಗೆರೆ ಎಳೆದು ಸುತ್ತು ಎಣಿಸಿದೆ.
ಹತ್ತು ಸುತ್ತು ಎಂದು ಪುಸ್ತಕದಲ್ಲಿದೆ,
ಇಲ್ಲಿ ಐದಕ್ಕೇ ಹುಣಿ ಅಡ್ಡ ಬರುತ್ತದೆ.
ನೇಗಿಲೆತ್ತಿ ಓಡಿದರೆ ಐದು ಸುತ್ತಿಗೆ ಹತ್ತೊಂಬತ್ತು ಮೀಟರ್.
ನೇಗಿಲಿಳಿಸಿ ಎಳೆದರೆ ಹದಿನೈದೂವರೆ.
ಚಕ್ರ ಅದೇ, ಸುತ್ತು ಅಷ್ಟೇ.
ಎಲ್ಲಿ ಹೋಯಿತು ಮೂರೂವರೆ ಮೀಟರ್?

ಜಾರಿಕೆ, ನೂರಕ್ಕೆ ಹದಿನೆಂಟು, ಎಂದು ಬರೆದುಕೊಂಡೆ.
ಹುಣಿಯ ಮೇಲೆ ಕುಕ್ಕರುಗಾಲಲ್ಲಿ ಕೂತ ಅಕ್ಕು
ಎಲೆಗೆ ಸುಣ್ಣ ಸವರುತ್ತಾ ಕೇಳಿದರು: ಎಂತದು ಅದು?
ಹೇಳಿದೆ. ಸ್ವಲ್ಪ ಹೊತ್ತು ಜಗಿದರು.
"ಗೇಣಿ," ಎಂದರು.
"ಧಣಿಗಳಿಗೆ ಹನ್ನೆರಡು ಮುಡಿ ಅಳೆದು ಕೊಡ್ತಿದ್ದೆವು ನಾವು.
ಡಿಕ್ಲರೇಷನ್ ಆಯ್ತು, ಅದು ನಿಂತಿತು.
ಗದ್ದೆ ತನ್ನದನ್ನು ಬಿಡ್ತದಾ?"

ಅವರಿಗೆ ಹೇಳಲಿಲ್ಲ ನಾನು,
ಒಂದಿಷ್ಟೂ ಜಾರದ ಚಕ್ರ ಒಂದಿಷ್ಟೂ ಎಳೆಯದು,
ಹಿಡಿತ ಹುಟ್ಟುವುದೇ ಆ ಸೋಲಿನಲ್ಲಿ ಎಂದು.
ಹೇಳಿದ್ದರೆ, ಇದಕ್ಕೆ ನಿಮಗೆ ಸಂಬಳವಾ, ಎಂದು ಕೇಳುತ್ತಿದ್ದರೇನೋ.

ಪಡುವಣ ಮೂಲೆಯಲ್ಲಿ, ಮೂರು ಸಲವೂ ಅದೇ ಜಾಗದಲ್ಲಿ
ಎಡ ಚಕ್ರದ ಗೆರೆ ದಡಕ್ಕನೆ ಕುಸಿಯಿತು.
ತಂತಿ ಸಡಿಲವೆಂದು ಬಿಚ್ಚಿ ಕಟ್ಟಿದೆ, ಕೆಸರು ಒರೆಸಿದೆ.
ಜೋಕಿಂ ಇಂಜಿನ್ ಆರಿಸಿ ಬೀಡಿ ಹಚ್ಚಿದ.
"ಅಲ್ಲಿ ನಮ್ಮ ಕೋಣಗಳ ಹೊಂಡ ಇತ್ತು," ಅಕ್ಕು ಅಂದರು,
"ನಾನು ಮದುವೆಯಾಗಿ ಬಂದ ವರ್ಷ ಮುಚ್ಚಿದ್ದು."
ಬಿಚ್ಚಿದ್ದ ತಂತಿಯನ್ನು ಸುಮ್ಮನೆ ಮತ್ತೆ ಬಿಗಿದೆ.

ಸಂಜೆ ಮತ್ತೆ ಹಲಗೆಯ ಮೇಲೆ.
ಉರಿದ ಡೀಸೆಲ್ ಕಳೆದು ನೋಡಿದರೂ
ಬೆಳಗ್ಗಿಗಿಂತ ನಲವತ್ತೊಂದು ಕಿಲೊ ಹೆಚ್ಚು.
ಟಯರಿನ ಪಟ್ಟಿಗಳ ಸಂದಿನಲ್ಲಿ ಬೈಲಿನ ಕರಿಮಣ್ಣು
ಗೊರಸಿನ ಹಾಗೆ ಗಟ್ಟಿಯಾಗಿತ್ತು.
"ಒಂದು ಮುಡಿ," ಎಂದೆ, "ಮೇಲೆ ಮೂರು ಕಿಲೊ."

ಅಕ್ಕು ನಗಲಿಲ್ಲ. ಒಳಗಿನಿಂದ ಕತ್ತಿ ತಂದರು.
ಹಲಗೆಯಿಂದ ಇಳಿಸಿ, ಹಿಂದೆ ತಂದು, ಹುಣಿಯ ಅಂಚಿಗೆ ನಿಲ್ಲಿಸಿ
ಕತ್ತಲಾಗುವವರೆಗೆ ಜೋಕಿಂ ಕೆರೆದ;
ಹೆಂಟೆಗಳು ಒಂದೊಂದೇ ಗದ್ದೆಗೆ ಬೀಳುವ ಸದ್ದು ಕೇಳುತ್ತಾ
ನಾನು ಮುಡಿಯನ್ನು ಹೆಗಲಿಗೇರಿಸಿ
ಅಟ್ಟದ ಏಣಿ ಹುಡುಕಿದೆ.